ದೇವರು ತೋರಿಸಿದ ದಾರಿ ಅರ್ಧಕ್ಕೇ ನಿಂತಾಗ: ಒಂದು ಪ್ರಕರಣ ಅಧ್ಯಯನ

ಕ್ರೈಸ್ತ ಸಭೆಗಳಲ್ಲಿ ಕಷ್ಟದಲ್ಲಿರುವವರ ಜೊತೆ ಕೂರುವ ಹಿರಿಯರಿಗೆ, ಪ್ರಾರ್ಥನಾ ಗುಂಪಿನವರಿಗೆ, ಅಂಥವರ ಮನೆಯವರಿಗೆ ಈ ಬರಹ. ಇದರಲ್ಲಿ ಬರುವ ಸಹೋದರಿ ಮತ್ತು ಅವರ ಯಜಮಾನರು ಪೂರ್ತಿ ಓದಿ ಒಪ್ಪಿದ ಮೇಲೆಯೇ ಇದು ಹೊರಗೆ ಬರುತ್ತಿದೆ. ಊರು, ಸಭೆ, ಆಸ್ಪತ್ರೆ ಯಾವುದರ ಹೆಸರೂ ಇಲ್ಲಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಸಭೆಯಲ್ಲಿ ಎಲ್ಲರೂ ಅವರನ್ನು ಟೀಚರ್ ಎಂದೇ ಕರೆಯುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ.

ಆ ಸಭೆಯಲ್ಲಿ ರೋಗಿಗಳನ್ನೂ ದುಃಖದಲ್ಲಿರುವವರನ್ನೂ ಭೇಟಿ ಮಾಡುವ ಗುಂಪಿನಲ್ಲಿ ನಾನಿದ್ದೇನೆ. ಟೀಚರ್ ದೇವರ ಮೇಲಿನ ಭರವಸೆಯನ್ನೇ ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದರು. ಅವರಿಗೆ ಬಂದ ಕಷ್ಟ ದೊಡ್ಡದೇ. ಆದರೆ ಅವರನ್ನು ಅಲ್ಲಿಯವರೆಗೆ ತಳ್ಳಿದ್ದು ದೇವರ ಹೆಸರಿನಲ್ಲಿ ಅವರಿಗೆ ಕೊಟ್ಟ ಒಂದು ದಿನಾಂಕ. ಆ ದಿನಾಂಕ ಹೇಗೆ ಬಂತು, ಅದು ದಾಟಿದ ಮೇಲೆ ಏನಾಯಿತು, ಅಲ್ಲಿಂದ ಹೊರಬರಲು ಯಾವ ತೀರ್ಮಾನಗಳು ನೆರವಾದವು ಎಂಬುದು ಬೇರೆ ಸಭೆಗಳವರಿಗೂ ತಿಳಿಯಬೇಕು ಎಂದು ನನಗೆ ಅನಿಸಿದೆ.

ಹಿನ್ನೆಲೆ

ಟೀಚರ್‌ಗೆ ಆಗ ನಲವತ್ತು ದಾಟಿತ್ತು. ಬಹಳ ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವರು. ಭಾನುವಾರದ ಆರಾಧನೆಯಲ್ಲಿ ಹಾಡು ನಡೆಸುತ್ತಿದ್ದುದೂ ಅವರೇ. ಶಾಲೆಯ ಕೆಲಸ ಬಿಟ್ಟು, ಹಲವು ಸಭೆಗಳ ಮಕ್ಕಳಿಗೆ ಹಾಡು ಕಲಿಸುವ ಕೆಲಸವನ್ನು ಪೂರ್ಣಾವಧಿಗೆ ಮಾಡಬೇಕೆಂಬ ಆಸೆ ಅವರಲ್ಲಿ ಹುಟ್ಟಿತು. ಆತುರದಲ್ಲಿ ತೆಗೆದುಕೊಂಡ ತೀರ್ಮಾನವಲ್ಲ ಅದು. ಎರಡು ವರ್ಷ ಅದಕ್ಕಾಗಿ ಪ್ರಾರ್ಥಿಸಿದರು. ಯಜಮಾನರ ಜೊತೆ, ಪಾಸ್ಟರ್ ಜೊತೆ ಮಾತಾಡಿದರು. ಕೆಲವು ಸಭೆಗಳು ಸೇರಿ ಖರ್ಚು ನೋಡಿಕೊಳ್ಳಲು ಒಪ್ಪಿದವು. ಒಂದೊಂದೇ ಬಾಗಿಲು ತೆರೆದುಕೊಂಡಿತು. ಇದು ದೇವರ ಚಿತ್ತವೇ ಎಂದು ನಂಬಿ ಅವರು ಶಾಲೆಗೆ ರಾಜೀನಾಮೆ ಕೊಟ್ಟರು.

ಹೊಸ ಕೆಲಸ ಶುರುವಾಗುವ ಮೊದಲು ಒಂದು ಆಪರೇಷನ್ ಮುಗಿಸಿಕೊಳ್ಳಬೇಕಿತ್ತು. ಕುತ್ತಿಗೆಯಲ್ಲಿ ಥೈರಾಯ್ಡ್ ಗಂಟು. ಪರೀಕ್ಷೆಯಲ್ಲಿ ಅನುಮಾನ ಕಂಡಿದ್ದರಿಂದ ಇಡೀ ಗ್ರಂಥಿಯನ್ನೇ ತೆಗೆಯುವುದು ಒಳ್ಳೆಯದೆಂದು ಡಾಕ್ಟರ್ ಹೇಳಿದ್ದರು. ಆಪರೇಷನ್ ಆಯಿತು. ಕ್ಯಾನ್ಸರ್ ಅಲ್ಲ ಎಂದು ವರದಿ ಬಂತು. ಸಭೆಯಲ್ಲಿ ಸ್ತೋತ್ರ ಸಲ್ಲಿಸಿದರು.

ಆದರೆ ಧ್ವನಿ ಹೋಗಿತ್ತು. ಮಾತಾಡಿದರೆ ಬರೀ ಗಾಳಿ ಬರುತ್ತಿತ್ತು. ಎರಡು ವಾಕ್ಯಕ್ಕೇ ಸುಸ್ತು. ನೀರು ಕುಡಿದರೆ ಕೆಮ್ಮು.

ವೈದ್ಯಕೀಯವಾಗಿ ಏನಾಗಿತ್ತು ಎಂಬುದನ್ನು ಸ್ವಲ್ಪ ಹೇಳಬೇಕು, ಮುಂದಿನ ತೀರ್ಮಾನಗಳು ಅದರ ಮೇಲೆಯೇ ನಿಂತಿವೆ. ಥೈರಾಯ್ಡ್ ಗ್ರಂಥಿಯ ಹಿಂಬದಿಯಲ್ಲಿ, ಎಡಕ್ಕೊಂದು ಬಲಕ್ಕೊಂದು, ತೆಳುವಾದ ನರಗಳು ಹಾದುಹೋಗುತ್ತವೆ. ಧ್ವನಿತಂತುಗಳನ್ನು ಆಡಿಸುವುದು ಮುಖ್ಯವಾಗಿ ಇವೇ. ಎಷ್ಟು ಎಚ್ಚರದಿಂದ ಆಪರೇಷನ್ ಮಾಡಿದರೂ ಕೆಲವರಲ್ಲಿ ಈ ನರಕ್ಕೆ ಪೆಟ್ಟಾಗುತ್ತದೆ. ಟೀಚರ್‌ಗೆ ಎಡಗಡೆಯ ಧ್ವನಿತಂತು ಅಲುಗಾಡದೆ ನಿಂತುಬಿಟ್ಟಿತ್ತು. ಎರಡು ತಂತುಗಳು ಸರಿಯಾಗಿ ಕೂಡದಿದ್ದರೆ ನಡುವಿನ ಸಂದಿಯಿಂದ ಗಾಳಿ ಸೋರಿಹೋಗುತ್ತದೆ. ನರ ತುಂಡಾಗದೆ ಬರೀ ಜಗ್ಗಿದಂತಾಗಿದ್ದರೆ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಅದು ತಾನಾಗಿ ಚೇತರಿಸಿಕೊಳ್ಳಬಹುದು. ಶಾಶ್ವತ ಚಿಕಿತ್ಸೆಗೆ ಕೈ ಹಾಕುವ ಮೊದಲು ಡಾಕ್ಟರುಗಳು ಸಾಮಾನ್ಯವಾಗಿ ಸುಮಾರು ಒಂದು ವರ್ಷ ಕಾದು ನೋಡುತ್ತಾರೆ. ಅಲ್ಲಿಯವರೆಗೆ ಸ್ಪೀಚ್ ಥೆರಪಿ ಮಾಡಿಸಿ ಎಂದು ಇಎನ್‌ಟಿ ಡಾಕ್ಟರ್ ಬರೆದುಕೊಟ್ಟರು.

ನಿಜವಾದ ಸಮಸ್ಯೆ ಯಾವುದು?

ಮೊದಲು ನಾವೆಲ್ಲ ಕಂಡದ್ದು ಕಾಯಿಲೆಯನ್ನು. ಟೀಚರ್ ಒಳಗೆ ನಡೆಯುತ್ತಿದ್ದುದು ಬೇರೆ. ನಮ್ಮ ಗುಂಪಿನ ಒಬ್ಬ ಹಿರಿಯ ತಾಯಿಗೆ ಅವರು ಚೀಟಿಯಲ್ಲಿ ಬರೆದುಕೊಟ್ಟ ಮಾತು ಇದು: "ಕಷ್ಟ ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ ಅಮ್ಮ. ನಾನು ದೇವರನ್ನು ಕೇಳಿಯೇ ಹೆಜ್ಜೆ ಇಟ್ಟೆ. ಕೇಳಿ ನಡೆದವಳಿಗೇ ಹೀಗಾದರೆ, ಇನ್ನು ಏನನ್ನು ನಂಬಿ ನಡೆಯಲಿ?"

ಇದನ್ನು ಸಹಾಯಕ್ಕೆ ಹೋಗುವವರು ಚೆನ್ನಾಗಿ ಗಮನಿಸಬೇಕು. ದೇವರನ್ನು ಕೇಳದೆ ಮಾಡಿದ ಯೋಜನೆ ಮುರಿದರೆ ಮನುಷ್ಯ ತನ್ನನ್ನು ತಾನು ದೂರಿಕೊಂಡು ಸುಮ್ಮನಾಗಬಹುದು. ಪ್ರಾರ್ಥಿಸಿ, ಹಿರಿಯರನ್ನು ಕೇಳಿ, ಗುರುತುಗಳನ್ನು ನೋಡಿ ಮಾಡಿದ ಯೋಜನೆ ಮುರಿದಾಗ ಹಿಂದಿನದೆಲ್ಲ ಅನುಮಾನಕ್ಕೆ ಬೀಳುತ್ತದೆ. ಅಂದು ಕೇಳಿಸಿದ್ದು ದೇವರ ಧ್ವನಿಯೋ, ನನ್ನದೇ ಆಸೆಯೋ? ತೆರೆದ ಬಾಗಿಲುಗಳು ನಿಜವಾಗಿ ತೆರೆದಿದ್ದವೋ? ಟೀಚರ್ ಧ್ವನಿಗಿಂತ ಜಾಸ್ತಿ ಅಳುತ್ತಿದ್ದುದು ಈ ಪ್ರಶ್ನೆಗಳಿಗೆ. "ನಂಬಿಕೆ ಇಡಿ, ಎಲ್ಲ ಸರಿಹೋಗುತ್ತದೆ" ಎಂಬ ಮಾತು ಆ ಜಾಗವನ್ನು ಮುಟ್ಟುವುದೇ ಇಲ್ಲ.

ದಿನಾಂಕ ಹುಟ್ಟಿದ್ದು

ಸಭೆಯ ಪ್ರಾರ್ಥನಾ ಗುಂಪಿನವರು ಟೀಚರ್ ಅವರನ್ನು ಮನಸಾರೆ ಪ್ರೀತಿಸುವವರು. ಉಪವಾಸ ಪ್ರಾರ್ಥನೆ ಇಟ್ಟರು. ಸರಪಳಿ ಪ್ರಾರ್ಥನೆ ನಡೆಸಿದರು. ಸತ್ಯವೇದದ (ಬೈಬಲಿನ) ಯೆರೆಮೀಯ 29:11ರ ವಾಗ್ದಾನವನ್ನು ಒಂದು ಕಾರ್ಡಿನಲ್ಲಿ ಬರೆದು ತಂದುಕೊಟ್ಟರು. ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆಗಳು ನನಗೆ ಗೊತ್ತು, ಅವು ಒಳಿತಿನವು, ಕೇಡಿನವಲ್ಲ, ನಿಮಗೆ ನಿರೀಕ್ಷೆ ಕೊಡುವಂಥವು ಎಂಬ ಅರ್ಥದ ವಾಕ್ಯ ಅದು. ಎಲ್ಲರಿಗೂ ಬಾಯಿಪಾಠ ಇರುವಂಥದ್ದು, ಅಲ್ವಾ?

ಒಂದು ಸಂಜೆ ಪ್ರಾರ್ಥನೆಯ ನಡುವೆ ಗುಂಪಿನ ಒಬ್ಬರು, ಬರುವ ಈಸ್ಟರ್ ದಿನ ಟೀಚರ್ ನಿಂತು ಹಾಡುತ್ತಾರೆ, ದೇವರು ನನಗೆ ತೋರಿಸಿದ್ದಾರೆ ಎಂದರು. ಎಲ್ಲರೂ ಆಮೆನ್ ಅಂದರು. ಟೀಚರ್ ಕೂಡ ಕಣ್ಣೀರು ಹಾಕುತ್ತಾ ತಲೆಯಾಡಿಸಿದರು.

ಆ ಮಾತಿನಿಂದ ಎರಡು ಪರಿಣಾಮಗಳಾದವು. ಮೊದಲನೆಯದು, ಟೀಚರ್ ಸ್ಪೀಚ್ ಥೆರಪಿಗೆ ಹೋಗುವುದನ್ನು ನಿಲ್ಲಿಸಿದರು. ಹೋಗಬೇಡಿ ಎಂದು ಯಾರೂ ಹೇಳಿರಲಿಲ್ಲ. ಆದರೆ ದೇವರು ದಿನ ಹೇಳಿದ ಮೇಲೂ ಥೆರಪಿಗೆ ಹೋದರೆ ಅದು ಅವಿಶ್ವಾಸ ಆಗುತ್ತದೆ ಎಂದು ಅವರಿಗೇ ಅನಿಸಿಬಿಟ್ಟಿತು. ಎರಡನೆಯದು ಆಗ ಯಾರ ಕಣ್ಣಿಗೂ ಬೀಳಲಿಲ್ಲ. ಥೈರಾಯ್ಡ್ ಪೂರ್ತಿ ತೆಗೆದವರು ಜೀವನಪೂರ್ತಿ ಹಾರ್ಮೋನ್ ಮಾತ್ರೆಯನ್ನು ದಿನವೂ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು. ಉಪವಾಸ, ಪ್ರಾರ್ಥನೆ, ರಾತ್ರಿ ಜಾಗರಣೆಯ ಗಡಿಬಿಡಿಯಲ್ಲಿ ಮಾತ್ರೆ ತಪ್ಪುತ್ತಾ ಹೋಯಿತು.

ಈಸ್ಟರ್ ಬಂತು. ಟೀಚರ್ ಎದ್ದು ನಿಂತರು. ಗಾಳಿಯ ಶಬ್ದ ಬಂತು, ಹಾಡು ಬರಲಿಲ್ಲ. ಗುಂಪಿನ ಕೆಲವರು ಜೋರಾಗಿ ಸ್ತೋತ್ರ ಹೇಳಿ ಆ ಮೌನವನ್ನು ಮುಚ್ಚಿದರು.

ವಿವರಣೆಗಳ ಹೊರೆ

ಆಮೇಲಿನ ವಾರಗಳು ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಕೆಟ್ಟವು. ದೇವರ ಹೆಸರಿನಲ್ಲಿ ಹೇಳಿದ ಮಾತು ನೆರವೇರದಿದ್ದಾಗ ಯಾರಾದರೂ ಒಬ್ಬರು ತಪ್ಪಿತಸ್ಥರಾಗಲೇಬೇಕು ಎಂದು ಜನರಿಗೆ ಅನಿಸುತ್ತದೆ. ಮಾತು ಹೇಳಿದವರು ತಪ್ಪು ಎಂದು ಯಾರೂ ಹೇಳಲಿಲ್ಲ. ಉಳಿದವರು ಟೀಚರ್ ಒಬ್ಬರೇ. ಬಚ್ಚಿಟ್ಟ ಪಾಪ ಏನಾದರೂ ಇದೆಯಾ ನೋಡಿಕೊಳ್ಳಿ ಎಂದು ಒಬ್ಬರು ಸಲಹೆ ಕೊಟ್ಟರು. ಮಗ ಹುಟ್ಟುತ್ತಾನೆಂಬ ಮಾತನ್ನು ಜಕರೀಯನು ನಂಬದೆ ಹೋದದ್ದಕ್ಕೆ ದೇವದೂತನು ಅವನನ್ನು ಮೂಕನನ್ನಾಗಿ ಮಾಡಿದನಲ್ಲಾ, ನಿಮಗೂ ಹಾಗೇ ಆಗಿರಬಹುದು ಎಂದು ಇನ್ನೊಬ್ಬರು ಹೇಳಿದರು.

ಈ ಮಾತಿನ ಬಗ್ಗೆ ನನಗೆ ಇಂದಿಗೂ ತುಂಬ ನೋವಿದೆ. ಲೂಕನ ಮೊದಲ ಅಧ್ಯಾಯದಲ್ಲಿ ಜಕರೀಯನಿಗೆ ಕಾರಣವನ್ನು ದೇವದೂತನೇ ನೇರವಾಗಿ ಹೇಳುತ್ತಾನೆ. ಎಲ್ಲಿಯವರೆಗೆ ಎಂಬುದನ್ನೂ ಅವನೇ ಹೇಳುತ್ತಾನೆ. ಅಲ್ಲಿ ಊಹೆಗೆ ಜಾಗವಿಲ್ಲ. ಆ ಕಥೆಯನ್ನು ತಂದು ಆಪರೇಷನ್ ಆದ ಒಬ್ಬ ಹೆಣ್ಣುಮಗಳ ಕುತ್ತಿಗೆಗೆ ಕಟ್ಟಲು ನಮಗೆ ಯಾರೂ ಅಧಿಕಾರ ಕೊಟ್ಟಿಲ್ಲ. ಯೋಹಾನ 9ರಲ್ಲಿ ಹುಟ್ಟುಕುರುಡನನ್ನು ಕಂಡು, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ ಎಂದು ಶಿಷ್ಯರು ಕೇಳಿದಾಗ ಯೇಸು ಎರಡನ್ನೂ ಅಲ್ಲಗಳೆದರು. ಅಷ್ಟು ಸ್ಪಷ್ಟವಾದ ಮಾತು ನಮ್ಮ ಕೈಯಲ್ಲಿದ್ದೂ ನಾವು ಮತ್ತೆ ಮತ್ತೆ ಶಿಷ್ಯರ ಪ್ರಶ್ನೆಯನ್ನೇ ಹಿಡಿದುಕೊಳ್ಳುತ್ತೇವೆ.

ಟೀಚರ್ ಸಭೆಗೆ ಬರುವುದನ್ನು ಬಿಟ್ಟರು. ಮನೆಯಲ್ಲಿ ಪ್ರಾರ್ಥನೆಯೂ ನಿಂತಿತು. ಹಗಲೆಲ್ಲ ಮಲಗಿರುತ್ತಿದ್ದರು. ಇದನ್ನು ಹಲವರು "ವಿಶ್ವಾಸದಲ್ಲಿ ಬಲಹೀನತೆ" ಎಂದರು.

ಮೊದಲ ತಿರುವು: ಯಜಮಾನರ ತೀರ್ಮಾನ

ಮೊದಲು ಕದಲಿದ್ದು ಅವರ ಯಜಮಾನರು. ಅವರು ಹೆಚ್ಚು ಮಾತಿನವರಲ್ಲ. ಪಾಸ್ಟರ್ ಬಳಿಗೆ ಹೋಗಿ, "ಪಾಸ್ಟರ್, ಇನ್ನು ಕೆಲವು ದಿನ ಮನೆಗೆ ಯಾರೂ ಕಾರಣ ಹೇಳಲು ಬರುವುದು ಬೇಡ. ಸುಮ್ನೆ ಬಂದು ಕೂರುವವರಿದ್ದರೆ ಕಳಿಸಿ" ಎಂದರು. ದಿನವೂ "ಧ್ವನಿ ಹೇಗಿದೆ?" ಎಂದು ಬರುತ್ತಿದ್ದ ಮೆಸೇಜುಗಳನ್ನೂ ನಿಲ್ಲಿಸಿ ಎಂದು ಕೇಳಿಕೊಂಡರು.

ಪಾಸ್ಟರ್ ಒಪ್ಪಿ, ನಮ್ಮ ಗುಂಪಿನಿಂದ ಆ ಹಿರಿಯ ತಾಯಿಯನ್ನೂ ನನ್ನನ್ನೂ ಕಳಿಸಿದರು. ಸತ್ಯವೇದದಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರ ಬಗ್ಗೆ ನಾವು ಕೆಟ್ಟದ್ದನ್ನೇ ನೆನಪಿಟ್ಟುಕೊಳ್ಳುತ್ತೇವೆ. ಆದರೆ ಅವರು ಮೊದಲ ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತು ಒಂದು ಮಾತೂ ಆಡಲಿಲ್ಲ. ಕೊನೆಯ ಅಧ್ಯಾಯದಲ್ಲಿ ದೇವರು ಗದರಿಸಿದ್ದು ಆಮೇಲೆ ಅವರು ಆಡಿದ ಮಾತಿಗೆ. ಆ ತಾಯಿ ನನಗೆ ದಾರಿಯಲ್ಲೇ ಇದನ್ನು ನೆನಪಿಸಿದ್ದರು. ಒಳಗೆ ಹೋಗಿ ಅವರು ಟೀಚರ್ ಪಕ್ಕದಲ್ಲಿ ಕೂತರು. ಮಾತಾಡಲಿಲ್ಲ. ಮುಂದಿನ ಭೇಟಿಗಳೂ ಬಹುತೇಕ ಹಾಗೇ ಕಳೆದವು.

ಆ ತಾಯಿ ಗಮನಿಸಿದ ಒಂದು ವಿಷಯ ಪ್ರಕರಣವನ್ನೇ ಬದಲಿಸಿತು. ಟೀಚರ್ ಮುಖ ಊದಿಕೊಂಡಿತ್ತು, ಮೈ ಒಣಗಿತ್ತು, ಸೆಕೆಯಲ್ಲೂ ಚಳಿ ಎನ್ನುತ್ತಿದ್ದರು. "ಮಾತ್ರೆ ತಗೋತಾ ಇದ್ದೀಯಾ ಮಗಳೇ?" ಎಂದು ಕೇಳಿದರು. ಟೀಚರ್ ತಲೆ ತಗ್ಗಿಸಿದರು. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ ಬಹಳ ಏರಿತ್ತು, ಅಂದರೆ ಮೈಯಲ್ಲಿ ಥೈರಾಯ್ಡ್ ಹಾರ್ಮೋನ್ ಸಾಲದಾಗಿತ್ತು. ಹಾರ್ಮೋನ್ ಕಡಿಮೆಯಾದರೆ ಸುಸ್ತು, ನಿದ್ದೆ, ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎಲ್ಲವೂ ಬರುತ್ತದೆ. ಮಾತ್ರೆ ಮತ್ತೆ ಶುರುವಾಯಿತು. ಪ್ರಮಾಣ ಬದಲಿಸಿದ ಮೇಲೆ ಟಿಎಸ್‌ಎಚ್ ಸ್ಥಿರವಾಗಲು ಸುಮಾರು ಆರು ವಾರ ಬೇಕು. ಅಷ್ಟರಲ್ಲಿ ಟೀಚರ್ ಹಗಲು ಎದ್ದು ಕೂರುವಂತಾದರು.

ಜನ ಅವಿಶ್ವಾಸ ಎಂದು ಕರೆದಿದ್ದರಲ್ಲಿ ಒಂದು ಭಾಗ ಮಾತ್ರೆಯ ಕೊರತೆ. ಎಲ್ಲವೂ ಅದೇ ಎಂದು ನಾನು ಹೇಳುತ್ತಿಲ್ಲ. ದೇವರ ಮೇಲಿನ ಸಿಟ್ಟು, ದುಃಖ ಎರಡೂ ಹಾಗೇ ಇದ್ದವು. ಆದರೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಶಕ್ತಿ ಬೇಕು. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯನು ನನಗೆ ಸಾವು ಬರಲಿ ಎಂದು ಮರದ ಕೆಳಗೆ ಮಲಗಿದಾಗ ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ. ಎಬ್ಬಿಸಿ ಊಟ ಕೊಟ್ಟನು. ಅವನು ಮತ್ತೆ ಮಲಗಿದನು. ಮತ್ತೆ ಎಬ್ಬಿಸಿ ಊಟ ಕೊಟ್ಟನು. ದೇವರು ಅವನ ಜೊತೆ ಮಾತಾಡಿದ್ದು ಆಮೇಲೆ.

ಎರಡನೆಯ ತಿರುವು: ದೂರಲು ಅವಕಾಶ

ಟೀಚರ್ ಪ್ರಾರ್ಥಿಸದಿರಲು ಒಂದು ಸರಳ ಕಾರಣವೂ ಇತ್ತು. ಪ್ರಾರ್ಥನೆ ಎಂದರೆ ಸ್ತೋತ್ರದಿಂದ ಶುರುವಾಗಬೇಕು, ನಂಬಿಕೆಯ ಮಾತಿನಿಂದ ಮುಗಿಯಬೇಕು ಎಂದು ಅವರು ಕಲಿತಿದ್ದರು. ಅವರ ಒಳಗೆ ಆಗ ಎರಡೂ ಇರಲಿಲ್ಲ. ಸುಳ್ಳು ಹೇಳುವುದಕ್ಕಿಂತ ಸುಮ್ಮನಿರುವುದು ಮೇಲು ಎಂದುಕೊಂಡಿದ್ದರು.

ಹಿರಿಯ ತಾಯಿ ಒಂದು ದಿನ ಸತ್ಯವೇದ ತೆರೆದು 13ನೆಯ ಕೀರ್ತನೆಯನ್ನು ನಿಧಾನವಾಗಿ ಓದಿದರು. ಆರೇ ವಚನಗಳ ಕೀರ್ತನೆ ಅದು. ಮೊದಲ ಎರಡು ವಚನಗಳಲ್ಲೇ "ಎಷ್ಟರವರೆಗೆ" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಇನ್ನೊಂದು ದಿನ 88ನೆಯದನ್ನು ಓದಿದರು. ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಯಲ್ಲಿ ಸಮಾಧಾನದ ಒಂದು ಸಾಲೂ ಇಲ್ಲ. "ಇದೂ ಪ್ರಾರ್ಥನೆಯ ಪುಸ್ತಕದಲ್ಲೇ ಇದೆ ಮಗಳೇ" ಎಂದಷ್ಟೇ ಹೇಳಿ ಪುಸ್ತಕ ಮುಚ್ಚಿದರು.

ಟೀಚರ್ ಒಂದು ನೋಟ್‌ಬುಕ್ ತೆಗೆದುಕೊಂಡು ದೇವರಿಗೆ ಬರೆಯಲು ಶುರು ಮಾಡಿದರು. ಮೊದಲ ಪುಟದ ಸಾಲೊಂದನ್ನು ಇಲ್ಲಿ ಹಾಕಲು ಅವರೇ ಅನುಮತಿ ಕೊಟ್ಟಿದ್ದಾರೆ: "ಕರೆದವನೂ ನೀನೇ, ಬಾಯಿ ಮುಚ್ಚಿದವನೂ ನೀನೇ. ನನಗೆ ಉತ್ತರ ಕೊಡು." ಇದನ್ನು ಓದಿ ಅವರ ಯಜಮಾನರಿಗೆ ಭಯವಾಯಿತು. ದೇವರನ್ನು ಹೀಗೆ ಕೇಳಬಹುದಾ ಎಂದು ನನ್ನನ್ನು ವಿಚಾರಿಸಿದರು. ನನಗೆ ಅದರಲ್ಲಿ ಭಯದ ಬದಲು ಆಸೆ ಕಂಡಿತು. ತಿಂಗಳುಗಳ ನಂತರ ಟೀಚರ್ ದೇವರ ಕಡೆ ಮುಖ ತಿರುಗಿಸಿ ಮಾತಾಡಿದ್ದರು. ಇಲ್ಲದ ದೇವರನ್ನು, ಕೇಳಿಸಿಕೊಳ್ಳದ ದೇವರನ್ನು ಯಾರೂ ಹೀಗೆ ದೂರುವುದಿಲ್ಲ.

ಧ್ವನಿಯಿಲ್ಲದೆ ಪ್ರಾರ್ಥಿಸುವುದು ಹೇಗೆ ಎಂಬ ಸಂಕಟಕ್ಕೆ ಅವರೇ ಸತ್ಯವೇದದಲ್ಲಿ ಮಗುವಿಗಾಗಿ ಬೇಡಿಕೊಂಡ ಹನ್ನಳ ಕಥೆಯನ್ನು ಹುಡುಕಿಕೊಂಡರು. ಅವಳ ತುಟಿಗಳು ಅಲುಗುತ್ತಿದ್ದವು, ಧ್ವನಿ ಕೇಳಿಸುತ್ತಿರಲಿಲ್ಲ, ಯಾಜಕನಾದ ಏಲಿಯು ಅವಳು ಕುಡಿದಿದ್ದಾಳೆ ಎಂದುಕೊಂಡನು. ಎದುರಿಗಿದ್ದ ದೇವಸೇವಕನಿಗೇ ತಪ್ಪಾಗಿ ಕಂಡ ಪ್ರಾರ್ಥನೆಯನ್ನು ದೇವರು ಕೇಳಿದರು ಎಂಬುದು ಟೀಚರ್‌ಗೆ ದೊಡ್ಡ ಬಲವಾಯಿತು.

ಮೂರನೆಯ ತಿರುವು: ಕಾರ್ಡಿನ ಹಿಂದಿನ ಅಧ್ಯಾಯ

ವಾಗ್ದಾನದ ಕಾರ್ಡು ಟೀಚರ್ ಮನೆಯ ಕಪಾಟಿನಲ್ಲಿ ಮಗುಚಿ ಬಿದ್ದಿತ್ತು. ಪಾಸ್ಟರ್ ಒಮ್ಮೆ ಬಂದಾಗ ಟೀಚರ್ ಅದನ್ನು ತೆಗೆದು ಅವರ ಮುಂದಿಟ್ಟು, "ಇದು ಸುಳ್ಳಾ?" ಎಂದು ಬರೆದು ಕೇಳಿದರು.

ಪಾಸ್ಟರ್ ತಕ್ಷಣ ಉತ್ತರ ಕೊಡಲಿಲ್ಲ. ಯೆರೆಮೀಯನ 28ನೆಯ ಅಧ್ಯಾಯದಿಂದ ಓದಲು ಶುರು ಮಾಡಿದರು. ಕ್ರಿ.ಪೂ. 597ರಲ್ಲಿ ಯೆಹೂದದ ಅರಸನನ್ನೂ ಅನೇಕ ಜನರನ್ನೂ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆ ಒಯ್ದಿದ್ದರು. ಯೆರೆಮೀಯನು ಕುತ್ತಿಗೆಗೆ ಮರದ ನೊಗ ಹಾಕಿಕೊಂಡು, ಬಾಬೆಲಿನ ಆಳ್ವಿಕೆಗೆ ತಲೆಬಾಗಿ ಎಂದು ಸಾರುತ್ತಿದ್ದನು. ಆಗ ಹನನ್ಯನೆಂಬ ಪ್ರವಾದಿ ಎದ್ದು, ಎರಡು ವರ್ಷದೊಳಗೆ ಎಲ್ಲರೂ ಎಲ್ಲವೂ ಹಿಂದಿರುಗುತ್ತವೆ, ದೇವರು ಹೇಳಿದ್ದಾರೆ ಎಂದನು. ಯೆರೆಮೀಯನ ಕುತ್ತಿಗೆಯ ನೊಗವನ್ನು ತೆಗೆದು ಮುರಿದುಹಾಕಿದನು. ಯೆರೆಮೀಯನ ಮೊದಲ ಉತ್ತರ ಏನು ಗೊತ್ತಾ? ಆಮೆನ್, ಕರ್ತನು ಹಾಗೆಯೇ ಮಾಡಲಿ ಎಂದ. ಅವನಿಗೂ ಅದೇ ಬೇಕಿತ್ತು. ಆದರೆ ಹನನ್ಯನ ಮಾತು ದೇವರದ್ದಲ್ಲ ಎಂದು ಆಮೇಲೆ ತಿಳಿದುಬಂತು.

29ನೆಯ ಅಧ್ಯಾಯ ಬರುವುದು ಅದರ ಬೆನ್ನಿಗೆ. ಸೆರೆಯಲ್ಲಿದ್ದವರಿಗೆ ಯೆರೆಮೀಯನು ಬರೆದ ಪತ್ರ ಅದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮದುವೆಯಾಗಿ, ಮಕ್ಕಳನ್ನು ಪಡೆಯಿರಿ, ನೀವಿರುವ ಆ ಊರಿನ ಒಳಿತಿಗಾಗಿ ಪ್ರಾರ್ಥಿಸಿ ಎನ್ನುತ್ತದೆ ಪತ್ರ. ಹತ್ತನೆಯ ವಚನದಲ್ಲಿ 70 ವರ್ಷದ ಮಾತು ಬರುತ್ತದೆ. ಕಾರ್ಡಿನಲ್ಲಿದ್ದ ಹನ್ನೊಂದನೆಯ ವಚನ ಬರುವುದು ಅದಾದ ಮೇಲೆ. ಪತ್ರವನ್ನು ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು 70 ವರ್ಷ ಬದುಕಿರಲು ಸಾಧ್ಯವೇ ಇರಲಿಲ್ಲ.

ಟೀಚರ್ ಬಹಳ ಹೊತ್ತು ಆ ಪುಟವನ್ನೇ ನೋಡುತ್ತಿದ್ದರು. ಆಮೇಲೆ ಬರೆದರು: "ಹಾಗಾದರೆ ಈ ವಾಕ್ಯ ಊರಿಗೆ ವಾಪಸ್ ಹೋಗದೆ ಸತ್ತವರಿಗೂ ಸೇರಿದ್ದು."

ಅವರ ಭರವಸೆ ಮತ್ತೆ ನಿಂತದ್ದು ಈ ವಾಕ್ಯದ ಮೇಲೆ. ದೇವರು ಒಳ್ಳೆಯವರು ಎಂಬುದನ್ನೂ ಧ್ವನಿ ಮರಳಿ ಬರುತ್ತದೆ ಎಂಬುದನ್ನೂ ಈಸ್ಟರ್ ದಿನಾಂಕ ಒಂದೇ ಗಂಟಿನಲ್ಲಿ ಕಟ್ಟಿತ್ತು. ಒಂದು ಬಿದ್ದಾಗ ಇನ್ನೊಂದೂ ಬಿತ್ತು. ಆ ಗಂಟು ಬಿಚ್ಚಿದ ಮೇಲೆ ಧ್ವನಿಗಾಗಿ ಕೇಳುವುದೂ ಸಾಧ್ಯವಾಯಿತು, ಧ್ವನಿ ಇಲ್ಲದೆ ಮುಂದಿನ ದಿನವನ್ನು ನಡೆಸುವುದೂ ಸಾಧ್ಯವಾಯಿತು.

ಮುಂದಿನ ಭಾನುವಾರ ಪಾಸ್ಟರ್ ಸಭೆಯ ಮುಂದೆ, ನಾವು ದೇವರ ಹೆಸರಿನಲ್ಲಿ ದಿನ ಗೊತ್ತುಮಾಡಿದ್ದು ತಪ್ಪು, ಅದರ ಭಾರವನ್ನು ಟೀಚರ್ ಮೇಲೆ ಹಾಕಿದ್ದು ಇನ್ನೂ ದೊಡ್ಡ ತಪ್ಪು ಎಂದು ಹೇಳಿದರು. ದಿನಾಂಕ ಹೇಳಿದ್ದವರು ಟೀಚರ್ ಮನೆಗೆ ಹೋಗಿ ಕ್ಷಮೆ ಕೇಳಿದರು. ಅಲ್ಲಿ ಏನು ಮಾತಾಯಿತು ಎಂಬುದು ಅವರಿಬ್ಬರ ನಡುವೆಯೇ ಇರಲಿ.

ಚಿಕಿತ್ಸೆ, ಕೆಲಸ, ಬಿಟ್ಟುಕೊಟ್ಟದ್ದು

ಟೀಚರ್ ಸ್ಪೀಚ್ ಥೆರಪಿಗೆ ಮರಳಿದರು. ಪಿಸುಮಾತಿನಲ್ಲಿ ಒತ್ತಿ ಒತ್ತಿ ಮಾತಾಡುವ ಅಭ್ಯಾಸದಿಂದ ಗಂಟಲಿಗೆ ಇನ್ನೂ ಆಯಾಸವಾಗುತ್ತಿದೆ ಎಂದು ಥೆರಪಿಸ್ಟ್ ತೋರಿಸಿಕೊಟ್ಟರು. ಅಲುಗದ ಧ್ವನಿತಂತುವಿಗೆ ಇಂಜೆಕ್ಷನ್ ಮೂಲಕ ಒಂದು ವಸ್ತುವನ್ನು ತುಂಬಿ ಅದನ್ನು ಮಧ್ಯಕ್ಕೆ ತರುವ ತಾತ್ಕಾಲಿಕ ಚಿಕಿತ್ಸೆಯನ್ನು ಡಾಕ್ಟರ್ ಸೂಚಿಸಿದರು. ಇಲ್ಲಿ ಹಳೆಯ ಅಳುಕು ಮತ್ತೆ ತಲೆ ಎತ್ತಿತು. ಇಂಜೆಕ್ಷನ್ ತೆಗೆದುಕೊಂಡರೆ ಪ್ರಾರ್ಥನೆ ಕೈಬಿಟ್ಟಂತೆ ಆಗುವುದಿಲ್ಲವೇ?

ಕಾಯಿಲೆ ಬಿದ್ದ ಅರಸ ಹಿಜ್ಕೀಯನ ಕಥೆ ಆಗ ಸಹಾಯಕ್ಕೆ ಬಂತು. 2 ಅರಸುಗಳು 20ರಲ್ಲಿ ದೇವರು ಅವನಿಗೆ ಸ್ವಸ್ಥತೆಯನ್ನೂ 15 ವರ್ಷ ಹೆಚ್ಚಿನ ಆಯುಷ್ಯವನ್ನೂ ವಾಗ್ದಾನ ಮಾಡಿದರು. ಅದಾದ ಮೇಲೆ ಪ್ರವಾದಿ ಯೆಶಾಯನು ಹುಣ್ಣಿನ ಮೇಲೆ ಅಂಜೂರದ ಉಂಡೆ ಇಡಲು ಹೇಳಿದನು. ದೇವರೇ ವಾಸಿ ಮಾಡುತ್ತೇನೆ ಎಂದ ಮೇಲೂ ಮದ್ದು ಇತ್ತು. ಟೀಚರ್ ಇಂಜೆಕ್ಷನ್‌ಗೆ ಒಪ್ಪಿದರು. ಮಾತು ಕೇಳುವಷ್ಟಾಯಿತು. ನೀರು ಕುಡಿಯುವಾಗಿನ ಕೆಮ್ಮು ಕಡಿಮೆಯಾಯಿತು.

ಕೆಲಸದ ವಿಷಯ ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಶಾಲೆಯ ಅವರ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಗ್ರಂಥಾಲಯದಲ್ಲಿ ಒಂದು ಚಿಕ್ಕ ಕೆಲಸ ಸಿಕ್ಕಿತು. ಸಂಬಳ ಕಡಿಮೆ. ಮಕ್ಕಳ ಹಾಡಿನ ಸೇವೆಯನ್ನು ಇನ್ನೊಬ್ಬ ಯುವತಿಗೆ ವಹಿಸಲು ಸಭೆಗಳು ತೀರ್ಮಾನಿಸಿದವು. ಟೀಚರ್ ತಾವು ಎರಡು ವರ್ಷ ಕೂತು ತಯಾರಿಸಿದ್ದ ಪಾಠಗಳನ್ನೆಲ್ಲ ಆ ಯುವತಿಗೆ ಕೊಟ್ಟರು. ಯಾರೂ ಕೇಳಿರಲಿಲ್ಲ, ಅವರೇ ಕರೆದು ಕೊಟ್ಟರು. ಧ್ವನಿ ಹೋದ ದಿನಕ್ಕಿಂತ ಅದು ಕಷ್ಟದ ದಿನವಾಗಿತ್ತು ಎಂದು ಆಮೇಲೆ ಹೇಳಿದರು. ಸಂತೋಷದಿಂದ ಕೊಟ್ಟೆ ಎಂದು ಅವರು ಎಂದೂ ಹೇಳಿಲ್ಲ. ದೇವರ ಕೈಗೆ ಕೊಡುತ್ತಿದ್ದೇನೆ ಎಂದು ನಂಬಿ, ಅಳುತ್ತಲೇ ಕೊಟ್ಟೆ ಎಂದರು. ಆ ಮಾತನ್ನು ನಾನು ತುಂಬ ಗೌರವಿಸುತ್ತೇನೆ.

ಸಭೆಗೆ ಮರಳಿದ ಮೇಲೆ ಅವರು ಹಾಡು ನಡೆಸಲಿಲ್ಲ. ಮೊದಮೊದಲು ಬೇರೆಯವರು ಹಾಡು ನಡೆಸುವುದನ್ನು ಕೇಳಲಾಗದೆ ಎದ್ದು ಹೊರಗೆ ಹೋಗುತ್ತಿದ್ದರು. ಯಾರೂ ಅದನ್ನು ಪ್ರಶ್ನಿಸಬಾರದು ಎಂದು ಪಾಸ್ಟರ್ ಮೊದಲೇ ಹೇಳಿದ್ದರು. ಕೆಲವು ತಿಂಗಳ ಮೇಲೆ ಆರಾಧನೆಯ ಹಾಡುಗಳನ್ನು ಆರಿಸಿಕೊಡುತ್ತೀರಾ ಎಂದು ಕೇಳಿದಾಗ ಒಪ್ಪಿದರು. ಹಳೆಯ ಪಟ್ಟಿಯನ್ನು ನೋಡಿ ಅವರು ಹೇಳಿದ್ದು, ಇದರಲ್ಲಿ ಅಳುವವರಿಗೆ ಒಂದು ಹಾಡೂ ಇಲ್ಲ ಎಂದು. ಈಗ ತಿಂಗಳಿಗೊಮ್ಮೆ ಆರಾಧನೆಯಲ್ಲಿ ಒಂದು ಪ್ರಲಾಪದ ಕೀರ್ತನೆಯನ್ನು ಎಲ್ಲರೂ ಸೇರಿ ಓದುತ್ತಾರೆ. ಮೊದಲು ಓದಿದ್ದು 13ನೆಯದು.

ಇದರಿಂದ ಕಲಿತದ್ದು

ನಮ್ಮ ಗುಂಪಿನಲ್ಲಿ ಈ ಪ್ರಕರಣವನ್ನು ಹಲವು ಸಲ ಚರ್ಚಿಸಿದೆವು. ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ದಿನಾಂಕದ ವಿಷಯ. ದೇವರು ವಾಸಿಮಾಡಲಿ ಎಂದು ಬೇಡುವುದರಲ್ಲಿ ತಪ್ಪಿಲ್ಲ. ಯೆರೆಮೀಯನ ಹಾಗೆ ಆಮೆನ್ ಎನ್ನುವುದರಲ್ಲೂ ತಪ್ಪಿಲ್ಲ. ಇಂಥ ದಿನ ಆಗುತ್ತದೆ ಎಂದು ದೇವರ ಹೆಸರಿನಲ್ಲಿ ಹೇಳಿದಾಗ, ಅದು ಆಗದಿದ್ದರೆ ಬೆಲೆ ಕೊಡುವವರು ಹೇಳಿದವರಲ್ಲ, ರೋಗಿಯೇ. ಈಗ ನಮ್ಮ ಗುಂಪಿನಲ್ಲಿ ಯಾರಾದರೂ ಹಾಗೆ ಹೇಳಬೇಕೆನಿಸಿದರೆ ರೋಗಿಯ ಎದುರಿಗೆ ಹೇಳುವುದಿಲ್ಲ. ಮೊದಲು ಹಿರಿಯರ ಮುಂದಿಡಬೇಕು.

ಅಣ್ಣಂದಿರೇ ಗುಲಾಮನಾಗಿ ಮಾರಿದ ಯೋಸೇಫನ ಕಥೆಯನ್ನು ಬಳಸುವ ಬಗೆಯನ್ನೂ ನಾವು ಬದಲಿಸಿದೆವು. ಕಷ್ಟದಲ್ಲಿರುವವರಿಗೆ ನಾವು ಬೇಗನೆ, ಯೋಸೇಫನನ್ನು ನೋಡಿ, ದೇವರು ಎಲ್ಲವನ್ನೂ ಒಳ್ಳೆಯದಕ್ಕೇ ಮಾಡಿದರು ಎಂದುಬಿಡುತ್ತೇವೆ. ಲೆಕ್ಕ ಹಾಕಿ ನೋಡಿ. ಅವನ ಕಥೆ ಶುರುವಾಗುವಾಗ ಅವನಿಗೆ 17 ವರ್ಷ. ಫರೋಹನ ಮುಂದೆ ನಿಂತಾಗ 30. ಏಳು ವರ್ಷ ಸುಭಿಕ್ಷ, ಎರಡು ವರ್ಷ ಬರ ಆದ ಮೇಲೆ ಅಣ್ಣಂದಿರಿಗೆ, ದೇವರೇ ನನ್ನನ್ನು ಮುಂದಾಗಿ ಕಳಿಸಿದರು ಎಂದನು. ಮಾರಾಟವಾಗಿ ಸುಮಾರು 22 ವರ್ಷಗಳ ಮೇಲಿನ ಮಾತು ಅದು. ಹೇಳಿದವನು ಕಷ್ಟಪಟ್ಟ ಯೋಸೇಫನೇ. ಸೆರೆಮನೆಯಲ್ಲಿದ್ದಾಗ ಇನ್ನೊಬ್ಬರು ಬಂದು ಅವನಿಗೆ ಹೇಳಿದ ಮಾತಲ್ಲ. ಟೀಚರ್ ಇಲ್ಲಿಯವರೆಗೆ, ಇಂಥದ್ದಕ್ಕಾಗಿಯೇ ದೇವರು ನನ್ನ ಧ್ವನಿ ತೆಗೆದರು ಎಂದು ಒಮ್ಮೆಯೂ ಹೇಳಿಲ್ಲ. ಅವರ ಪರವಾಗಿ ನಾವೂ ಹೇಳುವುದಿಲ್ಲ. ಪ್ರಲಾಪದ ಕೀರ್ತನೆಗಳು ಸಭೆಗೆ ಬಂದದ್ದು ಒಳ್ಳೆಯದೇ. ಅದಕ್ಕಾಗಿ ಒಬ್ಬರ ಧ್ವನಿ ಹೋಗಬೇಕಿತ್ತು ಎನ್ನುವುದು ಬೇರೆ ಮಾತು.

ಹಾಗಾದರೆ ಆ ಮೊದಲಿನ ಕರೆ? ಅದು ದೇವರದ್ದಾ, ಅಲ್ಲವಾ? ಟೀಚರ್ ಇದಕ್ಕೆ ಉತ್ತರ ಹುಡುಕುವುದನ್ನು ಸದ್ಯಕ್ಕೆ ಬಿಟ್ಟಿದ್ದಾರೆ. ಅಪೊಸ್ತಲರ ಕೃತ್ಯಗಳು 16ರಲ್ಲಿ ಪೌಲನು ಬಿಥೂನ್ಯಕ್ಕೆ ಹೋಗಲು ಪ್ರಯತ್ನಿಸಿದಾಗ ಆತ್ಮನು ಬಿಡಲಿಲ್ಲ. ಮಕೆದೋನ್ಯಕ್ಕೆ ಬಾ ಎಂದು ದರ್ಶನವಾಯಿತು. ಹೋದ ಮೇಲೆ ಫಿಲಿಪ್ಪಿಯಲ್ಲಿ ಛಡಿ ಏಟು, ಸೆರೆಮನೆ. ಸರಿಯಾದ ದಾರಿಯಲ್ಲೂ ಸೆರೆಮನೆ ಇರಬಹುದು ಎಂದಾದರೆ, ಸೆರೆಮನೆ ಬಂದ ಮಾತ್ರಕ್ಕೆ ದಾರಿ ತಪ್ಪಿತ್ತು ಎನ್ನಲಾಗದು. ಇಷ್ಟರಲ್ಲಿ ಅವರಿಗೆ ಸಮಾಧಾನ ಸಿಕ್ಕಿದೆ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಹೀಗೆ ಕುಸಿದವರನ್ನು ನೋಡಲು ಹೋದಾಗ ಮೊದಲು ನಿದ್ದೆ, ಊಟ, ಮಾತ್ರೆ, ಪರೀಕ್ಷೆಗಳ ಬಗ್ಗೆ ಕೇಳಿ. ಬದುಕೇ ಬೇಡ ಎಂಬ ಮಾತು ಬಂದರೆ ಅದನ್ನು ಪ್ರಾರ್ಥನೆಯ ವಿಷಯ ಮಾತ್ರ ಮಾಡಬೇಡಿ. ಆ ದಿನವೇ ಡಾಕ್ಟರ್ ಬಳಿಗೆ ಕರೆದುಕೊಂಡು ಹೋಗಿ, ಒಬ್ಬರನ್ನೇ ಬಿಡಬೇಡಿ.

ಈಗಿನ ಸ್ಥಿತಿ

ಆಪರೇಷನ್ ಆಗಿ ಒಂದು ವರ್ಷ ದಾಟಿದೆ. ಎಡಗಡೆಯ ಧ್ವನಿತಂತು ಇನ್ನೂ ಅಲುಗುತ್ತಿಲ್ಲ. ಬಲಗಡೆಯದು ಸ್ವಲ್ಪ ಮುಂದೆ ಬಂದು ಅದನ್ನು ಮುಟ್ಟಲು ಕಲಿತಿದೆ. ಎದುರಿಗೆ ಕೂತವರಿಗೆ ಟೀಚರ್ ಮಾತು ಚೆನ್ನಾಗಿ ಕೇಳಿಸುತ್ತದೆ. ಮೇಲಿನ ಸ್ವರಗಳು ಬರುವುದಿಲ್ಲ. ಕುತ್ತಿಗೆಯ ಹೊರಗಿನಿಂದ ಚಿಕ್ಕ ತುಂಡೊಂದನ್ನು ಕೂರಿಸಿ ತಂತುವನ್ನು ಶಾಶ್ವತವಾಗಿ ಮಧ್ಯಕ್ಕೆ ತರುವ ಆಪರೇಷನ್ ಮಾಡಬಹುದು ಎಂದು ಡಾಕ್ಟರ್ ಹೇಳಿದ್ದಾರೆ. ಅದರಿಂದ ಮಾತು ಇನ್ನೂ ಸುಧಾರಿಸಬಹುದು, ಹಾಡಿನ ಬಗ್ಗೆ ಭರವಸೆ ಕೊಡಲಾರೆ ಎಂದೂ ಹೇಳಿದ್ದಾರೆ. ಮತ್ತೆ ಕುತ್ತಿಗೆಗೆ ಕತ್ತರಿ ಹಾಕಿಸಿಕೊಳ್ಳಲು ಟೀಚರ್ ಹೆದರುತ್ತಿದ್ದಾರೆ. ಇನ್ನೂ ತೀರ್ಮಾನಿಸಿಲ್ಲ.

ಧ್ವನಿಗಾಗಿ ಅವರು ಈಗಲೂ ಪ್ರಾರ್ಥಿಸುತ್ತಾರೆ, ನೋಟ್‌ಬುಕ್ಕಿನಲ್ಲೂ ಬಾಯಿಯಲ್ಲೂ. ಪ್ರಾರ್ಥನಾ ಗುಂಪಿಗೂ ಕೇಳಿಕೊಂಡಿದ್ದಾರೆ. ಗುಂಪಿನವರು ಪ್ರತಿ ವಾರ ಪ್ರಾರ್ಥಿಸುತ್ತಾರೆ, ದಿನ ಹೇಳುವುದಿಲ್ಲ. ಮುಂದಿನ ಪರೀಕ್ಷೆಯ ಫಲಿತಾಂಶವನ್ನು ಸಭೆಗೆ ತಿಳಿಸಬೇಕೋ ಬೇಡವೋ ಎಂಬುದನ್ನು ಟೀಚರ್ ಒಬ್ಬರೇ ನಿರ್ಧರಿಸುತ್ತಾರೆ ಎಂದು ಎಲ್ಲರೂ ಒಪ್ಪಿದ್ದಾರೆ.